ಪಪ್ಪನ ಮ್ಯಾನೇಜರ್

ಗುರುವಾರ ಸಂಜೆ ಒಂದೇ ಒಲೆಯ ಮುಂದೆ ನಿಂತು ಚಹಾ ಕುಡಿಯುತ್ತಿದ್ದ ಇಬ್ಬರು ಗಂಡಸರು ಶುಕ್ರವಾರ ಬೆಳಿಗ್ಗೆ ಎದ್ದರೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬರು ನನ್ನ ಪಪ್ಪ. ಇನ್ನೊಬ್ಬರು ಪ್ಲೈವುಡ್ ಗೋಡೆಯ ಆಚೆ ಇದ್ದ ಬಸಣ್ಣ ಕಾಕಾ. ದುಬೈನ ಸತ್ವಾದ ಆ ಹಳೆಯ ವಿಲ್ಲಾದ ಹಾಲಿಗೆ ನಡುವೆ ಪ್ಲೈವುಡ್ ನಿಲ್ಲಿಸಿ ಎರಡು ಸಂಸಾರಕ್ಕೆ ಕೊಟ್ಟಿದ್ದರು. ಈಚೆ ಉಡುಪಿ ಕಡೆಯ ನಾವು ಮೂವರು, ಆಚೆ ಹುಬ್ಬಳ್ಳಿ ಕಡೆಯ ಕಾಕಾ ಮತ್ತು ಅವರ ಹೆಂಡತಿ ಗಿರಿಜಾ ಕಾಕು. ಬಚ್ಚಲು ಒಂದು, ಅಡುಗೆಮನೆ ಒಂದು. ಗಿರಿಜಾ ಕಾಕು ರೊಟ್ಟಿ ಬಡಿದು ಮುಗಿಸಿ ತನ್ನ ಹಂಚನ್ನು ಒಳಗಿಟ್ಟ ಮೇಲೆಯೇ ಅಮ್ಮ ಬಂಗುಡೆಗೆ ಕೈ ಹಾಕಬೇಕು ಎಂಬುದೊಂದನ್ನು ಬಿಟ್ಟರೆ ಆ ಅಡುಗೆಮನೆಯಲ್ಲಿ ಬೇರೆ ಕಾನೂನು ಇರಲಿಲ್ಲ. ಹಾಗಿದ್ದೂ ಶುಕ್ರವಾರ ಬಂದರೆ ಗಂಡಸರಿಬ್ಬರೂ ಹಾವು ಮುಂಗುಸಿ. ಕಾರಣ ಇಷ್ಟೇ: ಆ ಸಂಜೆ ನಾಲ್ಕಕ್ಕೆ ಅಲ್ ಕೂಜ್‌ನ ಒಂದು ಗೋಡೌನಿನಲ್ಲಿ ಕುಸ್ತಿ ಶೋ. ಟಿವಿಯಲ್ಲಿ ಬರುತ್ತದಲ್ಲ, ಹಗ್ಗ ಕಟ್ಟಿದ ಚೌಕದೊಳಗೆ ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಕುಸ್ತಿ, ಅಂಥದ್ದು. ಅದರಲ್ಲಿ ಪಪ್ಪ ಕಾಮೆಂಟ್ರಿ ಹೇಳುವವರು, ಕಾಕಾ ಖಳ ಪೈಲ್ವಾನನ ಮ್ಯಾನೇಜರ್. ಯಾರು ಗೆಲ್ಲಬೇಕು ಎಂಬುದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತದೆ. ಹಾಗೆ ತೀರ್ಮಾನವಾಗಿದೆ ಎಂಬುದನ್ನು ಮಾತ್ರ ಸಾಯುವವರೆಗೂ ಒಪ್ಪಿಕೊಳ್ಳಬಾರದು. ವೇದಿಕೆಯ ಶತ್ರುಗಳು ಬೀದಿಯಲ್ಲಿ ಗೆಳೆಯರಾಗಿ ಕಂಡರೆ ಜನ ಟಿಕೆಟ್ಟಿನ ದುಡ್ಡು ವಾಪಸ್ ಕೇಳುತ್ತಾರೆ ಎಂದು ಶೋ ನಡೆಸುವ ಉಸ್ತಾದ್ ಕಟ್ಟಪ್ಪಣೆ ಮಾಡಿದ್ದ. ನಮ್ಮ ಗಲ್ಲಿಯಲ್ಲಿ ಗ್ರೋಸರಿಯವನಿಂದ ಹಿಡಿದು ಕಾರು ತೊಳೆಯುವವರವರೆಗೆ ಎಲ್ಲರೂ ಅಭಿಮಾನಿಗಳೇ. ಅದಕ್ಕೇ ಇಬ್ಬರೂ ಬೇರೆ ಬೇರೆ ಹೊತ್ತಿಗೆ ಮನೆ ಬಿಡುತ್ತಿದ್ದರು. ಅಬುಧಾಬಿಯಲ್ಲಿ ಶೋ ಇದ್ದರೆ ಒಬ್ಬರು ಹೋದ ಬಸ್ಸಿನಲ್ಲಿ ಇನ್ನೊಬ್ಬರು ಹೋಗುತ್ತಿರಲಿಲ್ಲ. ಅಮ್ಮ ಮಾತ್ರ ಒಂದೇ ಪಾತ್ರೆಯ ಚಿತ್ರಾನ್ನವನ್ನು ಎರಡು ಡಬ್ಬಿಗೆ ತುಂಬಿ ಒಂದನ್ನು ಬಾಗಿಲಲ್ಲಿ, ಇನ್ನೊಂದನ್ನು ಕಿಟಕಿಯಲ್ಲಿ ಕೊಡುತ್ತಿದ್ದಳು.

ಪಪ್ಪ ಸತ್ವಾದ ಟೈಲರಿಂಗ್ ಅಂಗಡಿಯೊಂದರಲ್ಲಿ ಅಳತೆ ತೆಗೆಯುವವರು. ಗಿರಾಕಿಯ ಮೈಗೆ ಟೇಪು ಹಿಡಿದು ಅಂಕಿಯನ್ನು ಕೂಗಿ ಹೇಳಬೇಕು. ಒಳಗೆ ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಕೂತವನು ಅದನ್ನು ಬರೆದುಕೊಳ್ಳಬೇಕು. ಅಷ್ಟು ಯಂತ್ರಗಳ ಸದ್ದನ್ನು ದಾಟಿ ಹೋಗುವ ದನಿ ಪಪ್ಪನದು. ಹೈದರಾಬಾದಿನವನಾದ ಉಸ್ತಾದ್ ಪೈಲ್ವಾನರ ಚಡ್ಡಿ ಹೊಲಿಸಲು ಬಂದವನು ಆ ದನಿ ಕೇಳಿ ಚಡ್ಡಿಯನ್ನೇ ಮರೆತನಂತೆ. ಮನೆಯಲ್ಲಿ ಪಪ್ಪ ಮಾತಿನ ಮನುಷ್ಯರೇ ಅಲ್ಲ. ಬಂದರೆ ಸ್ನಾನ, ಊಟ, ಪೇಪರು. ಮೊದಲ ಸಲ ಗೋಡೌನಿಗೆ ಹೋದಾಗ ನನಗೆ ಒಂಬತ್ತು ವರ್ಷ. ಸಾಲಾಗಿ ಹಾಕಿದ ಪ್ಲಾಸ್ಟಿಕ್ ಕುರ್ಚಿಗಳು, ಅವುಗಳ ತುಂಬ ವಾರವಿಡೀ ದುಡಿದು ಬಂದ ಗಂಡಸರು, ಮೂಲೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಮೈಕು. ಪಪ್ಪ ಅದರ ಮುಂದೆ ಕೂತು ಒಂದು ಸಲ ಕೆಮ್ಮಿದರು, ಅಷ್ಟೇ. ಆಮೇಲೆ ಮಾತಾಡಿದ್ದು ನಮ್ಮ ಮನೆಯಲ್ಲಿ ಗಂಜಿಗೆ ಉಪ್ಪು ಕೇಳುವ ಮನುಷ್ಯ ಅಲ್ಲವೇ ಅಲ್ಲ. ಹಿಂದಿ, ಇಂಗ್ಲಿಷ್, ನಡುವೆ ಅರಬ್ಬಿಯ ಯಲ್ಲಾ, ಖಲಾಸ್, ಎಲ್ಲ ಒಂದೇ ಉಸಿರಿನಲ್ಲಿ. ಇಬ್ಬರು ಬೆವರಿದ ಗಂಡಸರು ಒಬ್ಬರ ಕತ್ತು ಒಬ್ಬರು ಹಿಡಿದು ಸುಮ್ಮನೆ ನಿಂತಿದ್ದರೂ ಆ ದನಿ ಕೇಳಿದರೆ ಅಲ್ಲಿ ಪ್ರಪಂಚವೇ ಅಲ್ಲಾಡುತ್ತಿದೆ ಅನ್ನಿಸುತ್ತಿತ್ತು. ನಾನು ಕುರ್ಚಿಯ ಅಂಚಿನಲ್ಲಿ ಕೂತು ಕುಸ್ತಿ ನೋಡುವುದನ್ನು ಬಿಟ್ಟು ಪಪ್ಪನ ಬಾಯಿ ನೋಡಿದೆ. ಇವರು ನನ್ನವರು ಎಂದು ಪಕ್ಕದವರಿಗೆ ಹೇಳಬೇಕೆಂದು ಗಂಟಲವರೆಗೂ ಬಂತು. ಮನೆಯ ಸುದ್ದಿ ಅಲ್ಲಿ ಎತ್ತಬಾರದೆಂದಿತ್ತು, ಹೇಳುವಂತಿರಲಿಲ್ಲ.

ಪಪ್ಪನಿಗೆ ಆವೇಶ ಹೆಚ್ಚಾದಾಗ ಮಾತ್ರ ಕನ್ನಡ ಬರುತ್ತಿತ್ತು. ಮೇಲೆ ಕೂತವನು ಕೆಳಗಿದ್ದವನ ಭುಜವನ್ನು ನೆಲಕ್ಕೆ ಒತ್ತುತ್ತಾನೆ, ರೆಫ್ರಿ ನೆಲ ಬಡಿದು ಎಣಿಸುತ್ತಾನೆ, ಮೂರು ಬಡಿತಕ್ಕೆ ಆಟ ಮುಗಿಯುತ್ತದೆ. ಒಂದನೇ ಬಡಿತಕ್ಕೆ ಪಪ್ಪ ‘ಬಿದ್ದ’ ಎನ್ನುತ್ತಿದ್ದರು. ಎರಡನೆಯದಕ್ಕೆ ಇನ್ನೂ ತಗ್ಗಿದ ದನಿಯಲ್ಲಿ ‘ಬಿದ್ದ’. ಮೂರನೆಯದು ಬೀಳುವ ಮೊದಲು ಕೆಳಗಿದ್ದವನು ಭುಜ ಎತ್ತಿದನೋ, ಗೋಡೌನಿನ ತಗಡು ನಡುಗುವಂತೆ ‘ಬೀಳಲಿಲ್ಲ’. ಜನ ಹುಚ್ಚೆದ್ದು ಹೋಗುತ್ತಿದ್ದರು. ಪೇಶಾವರದವರು, ಮಲಯಾಳಿಗಳು, ನೇಪಾಳಿಗಳು, ಫಿಲಿಪಿನೋಗಳು. ಅವರಲ್ಲಿ ಕನ್ನಡ ಬಲ್ಲವರು ಬೆರಳೆಣಿಕೆಯಷ್ಟು ಜನ. ಉಳಿದವರೆಲ್ಲ ಅದನ್ನು ಒಂದು ಪಟ್ಟಿನ ಹೆಸರು ಎಂದುಕೊಂಡಿದ್ದರು. ಪಠಾಣ ಟ್ಯಾಕ್ಸಿ ಡ್ರೈವರೊಬ್ಬ ಅಂಗಡಿಗೆ ಬಂದು, ಆ ಬಿದ್ದಾಬಿದ್ದಾ ಎಂಬ ಪಟ್ಟನ್ನು ನನಗೂ ಕಲಿಸಿಕೊಡಿ, ಊರಲ್ಲಿ ತಮ್ಮನ ಮೇಲೆ ಹಾಕಬೇಕು ಎಂದು ಗಂಭೀರವಾಗಿ ಕೇಳಿದನಂತೆ. ಪಪ್ಪ ಅವನಿಗೆ ಅರ್ಥ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ನನಗೆ ಅರ್ಥ ಗೊತ್ತಿತ್ತು, ಹೇಳಲು ಬರುತ್ತಿರಲಿಲ್ಲ. ನಾನು ‘ಬೀಲಲಿಲ್ಲ’ ಎನ್ನುತ್ತಿದ್ದೆ. ಮನೆಯಲ್ಲಿ ಅಪ್ಪ ಅಮ್ಮ ಆಡುತ್ತಿದ್ದ ತುಳುವಿನಲ್ಲಿ ‘ಳ’ಕಾರಕ್ಕೆ ಅಷ್ಟು ಕೆಲಸವಿರಲಿಲ್ಲ, ಶಾಲೆಯ ಇಂಗ್ಲಿಷಿನಲ್ಲಿ ಅದು ಇಲ್ಲವೇ ಇಲ್ಲ. ಅಮ್ಮ ತುಳುವಿನಲ್ಲಿ ಕೇಳಿದರೂ, ಕಾಕು ಕನ್ನಡದಲ್ಲಿ ಕೇಳಿದರೂ ನನ್ನದು ಇಂಗ್ಲಿಷಿನಲ್ಲೇ ಉತ್ತರ. ಪಪ್ಪ ಊರಿನಿಂದ ತಂದಿದ್ದ ಸ್ಲೇಟಿನಲ್ಲಿ ನನಗೆ ಅಕ್ಷರ ತಿದ್ದಿಸುತ್ತಿದ್ದರು. ‘ಳ’ ಬಂದಾಗ ಕಲ್ಲುಸಕ್ಕರೆಯ ಚೂರೊಂದನ್ನು ನನ್ನ ಅಂಗುಳಕ್ಕೆ ಅಂಟಿಸಿ, ನಾಲಿಗೆಯನ್ನು ಹಿಂದಕ್ಕೆ ಮಡಚಿ ಅದನ್ನು ಮುಟ್ಟಲು ಹೇಳುತ್ತಿದ್ದರು. ನಾನು ಸಕ್ಕರೆ ಚೀಪಿ ಮುಗಿಸಿ ಮತ್ತೆ ‘ಲ’ ಎನ್ನುತ್ತಿದ್ದೆ. ಸಕ್ಕರೆಯ ಆಸೆಗೆ ಬೇಕೆಂದೇ ತಪ್ಪು ಹೇಳುತ್ತೇನೆ ಎಂದು ಅಮ್ಮನಿಗೆ ಗುಮಾನಿ. ಅರ್ಧ ನಿಜ.

ಇನ್ನು ಬಸಣ್ಣ ಕಾಕಾ. ವಾರದ ಆರು ದಿನ ಏಸಿ ರಿಪೇರಿ ಮಾಡುವ, ಕಾಕುವಿಗೆ ಬೆಳ್ಳುಳ್ಳಿ ಸುಲಿದು ಕೊಡುವ, ನನ್ನ ಸೈಕಲ್ಲಿಗೆ ಗಾಳಿ ಹೊಡೆಯುವ ಸಣಕಲು ಮನುಷ್ಯ. ಶುಕ್ರವಾರ ಅವರೇ ಹೊಳೆಯುವ ನೇರಳೆ ಬಣ್ಣದ ಕೋಟು ತೊಟ್ಟು, ಕರಿ ಕನ್ನಡಕ ಹಾಕಿ ಬಂದರೆ ಐನೂರು ಜನ ಎದ್ದು ನಿಂತು ಶಾಪ ಹಾಕುತ್ತಿದ್ದರು. ಕೋಟು ಹೊಲಿಸಿದ್ದು ಪಪ್ಪನ ಅಂಗಡಿಯಲ್ಲೇ. ಕಾಕಾ ನೋಡಿಕೊಳ್ಳುತ್ತಿದ್ದ ಪೈಲ್ವಾನನ ಹೆಸರು ಗುಲ್. ಹಣ್ಣಿನ ಮಾರ್ಕೆಟ್ಟಿನಲ್ಲಿ ಲೋಡು ಇಳಿಸುವವನು, ಬಾಗಿಲಲ್ಲಿ ಅಡ್ಡ ನಿಂತರೆ ಬೆಳಕೇ ಬರುತ್ತಿರಲಿಲ್ಲ. ಅವನಿಗೆ ಪಶ್ತೋ ಬಿಟ್ಟು ಬೇರೆ ಭಾಷೆ ಬಾರದು, ಇರುವ ಭಾಷೆಯಲ್ಲೂ ಮಾತಾಡಲು ಅಸಾಧ್ಯ ನಾಚಿಕೆ. ಅವನ ಪರವಾಗಿ ಕಾಕಾ ಮೈಕು ಹಿಡಿದು ಇಡೀ ದುಬೈಗೆ ಸವಾಲು ಹಾಕುತ್ತಿದ್ದರು, ಜನರನ್ನು ಹಂಗಿಸುತ್ತಿದ್ದರು, ಕೊನೆಗೆ ಪಪ್ಪನ ಮೇಜಿಗೆ ಬಂದು ಮೈಕು ಕಿತ್ತುಕೊಂಡು ಅವರ ಕಾಗದಗಳ ಮೇಲೆ ನೀರು ಸುರಿಯುತ್ತಿದ್ದರು. ನಾನು ಬೆರಗಾಗಿ ನೋಡುತ್ತಿದ್ದೆ, ಹೆದರುತ್ತಲೂ ಇದ್ದೆ. ಶನಿವಾರ ಬೆಳಿಗ್ಗೆ ಅದೇ ಕೈ ನನಗೆ ರೊಟ್ಟಿ ಮುರಿದು ಕೊಟ್ಟಾಗ ಒಂದು ಕ್ಷಣ ತಡೆದು ಆಮೇಲೆ ತೆಗೆದುಕೊಳ್ಳುತ್ತಿದ್ದೆ.

ಮರುವರ್ಷ ಬೇಸಿಗೆಯಲ್ಲಿ ಪಪ್ಪನ ದನಿ ಒಡೆಯತೊಡಗಿತು. ಮೊದಲು ಏಸಿ ಗಾಳಿ ಎಂದರು, ಆಮೇಲೆ ಧೂಳು ಎಂದರು. ಮೆಣಸಿನ ಕಷಾಯ, ಜೇನುತುಪ್ಪ, ಉಪ್ಪುನೀರು ಎಲ್ಲ ಆಯಿತು. ಒಂದು ಶುಕ್ರವಾರ ‘ಬೀಳಲಿಲ್ಲ’ ಎನ್ನುವಾಗ ನಡುವೆಯೇ ದನಿ ಕಿತ್ತುಹೋಗಿ ಬರೀ ಗಾಳಿ ಬಂತು. ಆಗ ಕಾಕಾ ಮೈಕು ಕಸಿದುಕೊಂಡು, ಈ ಶೆಟ್ಟಿಯ ಗಂಟಲಲ್ಲಿ ಕಪ್ಪೆ ಕೂತಿದೆ, ಅದಕ್ಕೂ ಒಂದು ಟಿಕೆಟ್ ಕೊಡಿ ಎಂದು ಹಿಂದಿಯಲ್ಲಿ ಅಂದರು. ಇಡೀ ಗೋಡೌನು ನಕ್ಕಿತು. ಮುಂದಿನ ಶೋಗೆ ಜನ ಮೊದಲೇ ತಯಾರಾಗಿ ಬಂದಿದ್ದರು. ಪಪ್ಪ ಬಾಯಿ ತೆರೆದಾಗಲೆಲ್ಲ ‘ಟರ್ರ್ ಟರ್ರ್’ ಎಂದು ಕೂಗಿದರು. ನನ್ನ ಪಕ್ಕ ಕೂತಿದ್ದ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಮರುದಿನ ಅಡುಗೆಮನೆಯಲ್ಲಿ ಅಮ್ಮನ ಡಬ್ಬಿಗಳೆಲ್ಲ ಒಂದು ಬದಿಗೆ ಹೋದವು, ಕಾಕುವಿನವು ಇನ್ನೊಂದು ಬದಿಗೆ. ನಡುವೆ ಅಮ್ಮ ಗ್ಯಾಸ್ ಸಿಲಿಂಡರನ್ನೇ ಗಡಿಯಂತೆ ಇಟ್ಟಳು. ರೊಟ್ಟಿ ಮುಗಿಯುವವರೆಗೆ ಕಾಯದೆ ಮೀನು ಹುರಿದಳು. ಕಾಕು ಕಣ್ಣೀರು ಒರೆಸಿಕೊಂಡು ರೊಟ್ಟಿ ಬಡಿದರು, ಅದು ಮೀನಿನ ಹೊಗೆಗೋ ದುಃಖಕ್ಕೋ ತಿಳಿಯಲಿಲ್ಲ. ಎಲ್ಲರ ಮುಂದೆ ಅಮ್ಮ ಒಂದೇ ಮಾತು ಕೇಳಿದಳು.

“ಬಸಣ್ಣ, ಆಟ ಆಟವೇ. ಆದ್ರೆ ಹುಷಾರಿಲ್ಲದ ಗಂಟಲನ್ನು ಹಾಗೆ ಆಡಿಕೊಳ್ಳುದಾ? ನಿಮಗೆ ಮನಸ್ಸಾದ್ರೂ ಹೇಗೆ ಬಂತು?”

ಕಾಕಾ ತಲೆ ತಗ್ಗಿಸಿ ನಿಂತರು. ಪಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. ಇದು ನಿಜವಾದ ಜಗಳವೋ ಶುಕ್ರವಾರದ್ದೋ ಎಂದು ನನಗೆ ಗೊತ್ತಾಗಲಿಲ್ಲ. ಗೊತ್ತಾಗದೆ ಇರುವುದೇ ನನಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆಯಾಯಿತು.

ಅಬುಧಾಬಿಯ ಆಸ್ಪತ್ರೆಯಲ್ಲಿ ಈಜಿಪ್ಟಿನ ಡಾಕ್ಟರಮ್ಮ ಗಂಟಲೊಳಗೆ ನಳಿಗೆ ಇಳಿಸಿ ನೋಡಿದರು. ದನಿಯ ತಂತುವಿನ ಮೇಲೆ ಗಂಟು, ತೆಗೆಯಬೇಕು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕು. ಕೆಟ್ಟ ಗಂಟೋ ಅಲ್ಲವೋ ಎಂಬುದು ಆಮೇಲೆ ತಿಳಿಯುತ್ತದೆ. ಕೆಟ್ಟದ್ದಲ್ಲದಿದ್ದರೂ ದನಿ ಮೊದಲಿನಂತೆ ಬರುತ್ತದೆ ಎಂದು ಮಾತು ಕೊಡಲಾರೆ ಎಂದರು. ಗಂಟು ತೆಗೆದ ಮೇಲೆ ಮೂರು ವಾರ ಪಿಸುಮಾತೂ ಕೂಡದು. ಹೀಗೆ ನನ್ನ ಅಕ್ಷರದ ಸ್ಲೇಟು ಪಪ್ಪನ ಬಾಯಿಯಾಯಿತು. ಗಂಟು ತೆಗೆಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಸಂಜೆ, ಅಮ್ಮ ಇನ್ನೊಂದು ಸಲ ಬಸಣ್ಣನ ಹೆಸರೆತ್ತಿ ಬೈಯತೊಡಗಿದಾಗ ಪಪ್ಪ ಬಳಪ ತೆಗೆದುಕೊಂಡರು. ದುಂಡಗಿನ ಕೈಬರಹದಲ್ಲಿ ನಿಧಾನವಾಗಿ ಬರೆದರು: ‘ಕಪ್ಪೆ ನಾನೇ ಹೇಳಿಕೊಟ್ಟದ್ದು.’ ಒರೆಸಿ ಮತ್ತೆ ಬರೆದರು: ‘ದನಿ ಹೋಗುತ್ತದೆ ಅಂತ ಮೊದಲೇ ಗೊತ್ತಿತ್ತು. ಅದು ಜನರಿಗೆ ಆಟ ಅಂತ ಕಾಣಬೇಕಿತ್ತು. ಅವನು ಒಲ್ಲೆ ಅಂದ. ಒತ್ತಾಯ ಮಾಡಿದೆ.’

ಅಮ್ಮ ಆ ಸ್ಲೇಟನ್ನು ಎರಡು ಸಲ ಓದಿದಳು. ಅಷ್ಟು ದಿನ ನಮ್ಮ ಅಡುಗೆಮನೆಯಲ್ಲಿ ಬೈಗುಳ ತಿಂದು, ಹೆಂಡತಿ ಅಳುವುದನ್ನು ನೋಡಿ, ಗೆಳೆಯನ ಗುಟ್ಟನ್ನು ಬಾಯಿಬಿಡದೆ ಉಳಿಸಿದ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಮ್ಮ ಹೋಗಿ ಸಿಲಿಂಡರನ್ನು ಅದರ ಜಾಗಕ್ಕೆ ಎಳೆದು ಇಟ್ಟಳು. ಮಾರನೆಯ ದಿನ ಕಾಕು ಹಂಚು ಒಳಗಿಡುವವರೆಗೆ ನಮ್ಮ ಮನೆಯಲ್ಲಿ ಮೀನು ಹೊರಗೆ ಬರಲಿಲ್ಲ.

ಪಪ್ಪನ ದುಃಖ ಬೇರೆಯೇ ಇತ್ತು. ಪರೀಕ್ಷೆಯ ಫಲ ಬರುವ ಮೊದಲು ಒಂದು ಶುಕ್ರವಾರ ಆ ಮೇಜಿನ ಮುಂದೆ ಕೂರಬೇಕು, ಆಮೇಲೆ ಏನಾಗುತ್ತದೋ ಗೊತ್ತಿಲ್ಲ ಎಂದು ಸ್ಲೇಟಿನಲ್ಲಿ ಬರೆದರು. ದನಿಯಿಲ್ಲದವರು ಕಾಮೆಂಟ್ರಿಯ ಮೇಜಿನಲ್ಲಿ ಕೂತು ಮಾಡುವುದೇನು? ಉಸ್ತಾದ್ ಕನಿಕರದಿಂದಲೇ ಬೇಡ ಎಂದ. ಆ ಸಂಜೆ ಕಾಕಾ ನಮ್ಮ ಕೋಣೆಗೆ ಬಂದು ನನ್ನ ಮುಂದೆ ನೆಲದ ಮೇಲೆ ಕೂತರು.

“ಯವ್ವಾ, ಮ್ಯಾನೇಜರ್ ಅಂದ್ರ ಏನು ಗೊತ್ತೈತೇನು? ನಮ್ಮ ಗುಲ್‌ಗ ಮಾತು ಬರಂಗಿಲ್ಲ, ಅದಕ ನಾ ಅದೀನಿ. ಬಾಯಿ ಇಲ್ಲದವರಿಗೆ ಬಾಯಿ ಆಗೂದು, ಅಷ್ಟ. ಇನ್ನ ಮ್ಯಾಲ ನಿಮ್ಮಪ್ಪಗ ನೀನ ಮ್ಯಾನೇಜರ್.”

ನಾನು ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನನಗೆ ಸರಿಯಾಗಿ ಹಿಂದಿ ಬರುವುದಿಲ್ಲ, ಕನ್ನಡ ಬರುವುದಿಲ್ಲ, ಎಲ್ಲರೂ ನಗುತ್ತಾರೆ ಎಂದೆ. ಕಾಕಾ ನಗಲಿಲ್ಲ.

“ನಗಲಿ ತಗೋ. ನನಗ ವಾರಾ ವಾರಾ ಐನೂರು ಮಂದಿ ಬೈತಾರ. ನಿನ್ನ ಬಾಯಾಗ ಬರೂದು ನಿನ್ನ ಮಾತಲ್ಲ, ನಿಮ್ಮಪ್ಪಂದು. ನಿಂದು ಅಂತ ತಿಳಕೊಂಡ್ರ ಅಂಜಿಕಿ ಬರತೈತಿ.”

ಪಪ್ಪ ಮಂಚದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಕೈಯಲ್ಲಿ ಸ್ಲೇಟಿತ್ತು, ಆದರೆ ಏನನ್ನೂ ಬರೆಯಲಿಲ್ಲ. ಬರೆದಿದ್ದರೆ ಬಹುಶಃ ಇಲ್ಲ ಎನ್ನುತ್ತಿದ್ದೆ.

ಉಸ್ತಾದನನ್ನು ಕಾಕಾ ಒಪ್ಪಿಸಿದರು. ಶುಕ್ರವಾರ ಗೋಡೌನಿಗೆ ಪಪ್ಪನ ಕೈ ಹಿಡಿದು ಹೋದೆ. ಅಂದು ಗುಲ್‌ಗೆ ಎದುರಾಳಿ ಜುನ್ ಎಂಬ ಫಿಲಿಪಿನೋ, ಜಿಮ್ಮಿನ ಟ್ರೈನರ್. ಗುಲ್‌ನ ತೊಡೆಯಷ್ಟೂ ದಪ್ಪವಿರದ, ಎಲ್ಲರ ಮುದ್ದಿನ ಪೈಲ್ವಾನ. ಪಪ್ಪ ಮೇಜಿನ ಮುಂದೆ ಕೂತೊಡನೆ ಜನ ‘ಟರ್ರ್’ ಎಂದರು. ಪಪ್ಪ ಸ್ಲೇಟು ಎತ್ತಿ ತೋರಿಸಿದರು. ಅದರ ಮೇಲಿದ್ದದ್ದನ್ನು ನಾನು ಮೈಕಿನಲ್ಲಿ ಹಿಂದಿಗೆ ತಿರುಗಿಸಿ ಓದಿದೆ: ಕಪ್ಪೆ ರಜೆಯ ಮೇಲಿದೆ, ಇವತ್ತು ಅದರ ಮರಿ ಬಂದಿದೆ. ಜನ ನಕ್ಕರು. ಆ ನಗು ನಾನು ಹೆದರಿದ್ದ ನಗುವಲ್ಲ. ಸ್ವಲ್ಪ ಹೊತ್ತು ಪಪ್ಪ ಬರೆದರು, ನಾನು ಹೇಳಿದೆ. ಆದರೆ ಬಳಪಕ್ಕಿಂತ ಕುಸ್ತಿ ಬೇಗ. ಅವರು ಒಂದು ಸಾಲು ಮುಗಿಸುವಷ್ಟರಲ್ಲಿ ಜುನ್ ಎರಡು ಸಲ ಹಗ್ಗದಾಚೆಗೆ ಹೋಗಿ ಬಂದಿರುತ್ತಿದ್ದ. ಕೊನೆಗೆ ಪಪ್ಪ ಬಳಪ ಕೆಳಗಿಟ್ಟು, ನನ್ನ ಗಲ್ಲ ಹಿಡಿದು ಮುಖವನ್ನು ಅಖಾಡದ ಕಡೆಗೆ ತಿರುಗಿಸಿದರು. ನೋಡು, ನೋಡಿದ್ದನ್ನು ಹೇಳು ಎಂದು. ನಾನು ಹೇಳತೊಡಗಿದೆ. ತಪ್ಪು ಹಿಂದಿ, ಶಾಲೆಯ ಇಂಗ್ಲಿಷ್, ಅಮ್ಮನ ತುಳು, ಎಲ್ಲ ಬಂತು. ಏನೇನು ಹೇಳಿದೆನೋ ದೇವರಿಗೇ ಗೊತ್ತು. ಮೇಜಿನ ಕೆಳಗೆ ಪಪ್ಪನ ಕಾಲು ಮಾತ್ರ ತಾಳ ಹಾಕುತ್ತಿತ್ತು, ಅದನ್ನು ಹಿಡಿದುಕೊಂಡು ಹೋದೆ.

ಗುಲ್ ಜುನ್‌ನನ್ನು ತಲೆಯ ಮೇಲೆ ಎತ್ತಿ ಕೆಡವಿ ಅವನ ಮೇಲೆ ಒರಗಿದ. ರೆಫ್ರಿ ನೆಲ ಬಡಿದ. ‘ಬಿದ್ದ’ ಎಂದೆ. ಇನ್ನೊಂದು ಬಡಿತ. ‘ಬಿದ್ದ’ ಎಂದೆ. ಜುನ್ ಭುಜ ಎತ್ತಿದ. ನನ್ನ ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಆ ಮಾತು ಪಪ್ಪನದು. ಪಕ್ಕದಲ್ಲಿ ಅವರು ತುಟಿ ಬಿಗಿದು ಕೂತಿದ್ದರು, ಕಣ್ಣಲ್ಲಿ ನೀರಿತ್ತು. ಇನ್ನು ಮುಂದೆ ಅದನ್ನು ಅವರ ಬಾಯಲ್ಲಿ ಕೇಳುತ್ತೇನೋ ಇಲ್ಲವೋ ಎಂಬ ಯೋಚನೆ ಬಂತು. ಆಗ ಆ ಕುರ್ಚಿಗಳಿಂದ, ಪೇಶಾವರದವರೂ ಕಾಸರಗೋಡಿನವರೂ ಕಾಠ್ಮಂಡುವಿನವರೂ ಮನಿಲಾದವರೂ ಒಟ್ಟಾಗಿ ಎದ್ದು ನಿಂತು ಅದನ್ನು ಹೇಳಿದರು. ‘ಬೀಲಲಿಲ್ಲ’ ಎಂದರು. ಬಹುಪಾಲು ಜನ ನನ್ನ ಹಾಗೆಯೇ ತಪ್ಪು ಹೇಳಿದರು. ಒಂದು ಶಬ್ದದ ಅರ್ಥವೂ ಗೊತ್ತಿಲ್ಲದವರು ನನ್ನ ಪಪ್ಪನಿಗಾಗಿ ಅದನ್ನು ಹೊತ್ತು ತಂದಿದ್ದರು. ಅಂಥ ಸದ್ದನ್ನು ನಾನು ಮತ್ತೆಂದೂ ಕೇಳಿಲ್ಲ.

ಆಟದ ಕ್ರಮದಂತೆ ಆ ಹೊತ್ತಿಗೆ ಖಳ ಮ್ಯಾನೇಜರು ಬಂದು ಮೈಕು ಕಸಿಯಬೇಕು. ನೇರಳೆ ಕೋಟಿನ ಕಾಕಾ ಹಲ್ಲು ಕಡಿಯುತ್ತ ಬಂದರು, ಜನ ಬೈದರು. ಮೇಜಿನ ಮೇಲೆ ಬಗ್ಗಿ, ಯಾರಿಗೂ ಕಾಣದಂತೆ ಕರಿ ಕನ್ನಡಕದ ಹಿಂದಿನಿಂದ ಪಿಸುಗುಟ್ಟಿದರು.

“ಮಂದಿ ತಪ್ಪ ಅಂದಾರ. ನಿಮ್ಮಪ್ಪನ ಮಾತು, ಸರಿ ಮಾಡಿ ಹೇಳು.”

ನಾನು ನಾಲಿಗೆಯನ್ನು ಹಿಂದಕ್ಕೆ ಮಡಚಿದೆ. ಅಲ್ಲಿ ಸಕ್ಕರೆ ಇರಲಿಲ್ಲ. ‘ಬೀಳಲಿಲ್ಲ’ ಎಂದೆ. ತಗಡೇನೂ ನಡುಗಲಿಲ್ಲ, ನನ್ನದು ಸಣ್ಣ ದನಿ. ಆದರೆ ಪಪ್ಪ ಸರ್ರನೆ ನನ್ನತ್ತ ತಿರುಗಿದರು. ಕಾಕಾ ಮೈಕು ಕಸಿಯುವುದನ್ನು ಮರೆತು ನಿಂತುಬಿಟ್ಟರು. ಅವರ ಇಷ್ಟು ವರ್ಷದ ಖಳತನದಲ್ಲಿ ಅದೊಂದೇ ತಪ್ಪು ಎಂದು ಉಸ್ತಾದ್ ಆಮೇಲೆ ಬಹಳ ದಿನ ಆಡಿಕೊಂಡ. ಮನೆಗೆ ಬಂದ ಮೇಲೆ ಪಪ್ಪ ಸ್ಲೇಟಿನ ತುಂಬ ಒಂದೇ ಒಂದು ದೊಡ್ಡ ‘ಳ’ ಬರೆದು, ಟೀಚರುಗಳು ಹಾಕುವಂತೆ ಅದರ ಪಕ್ಕದಲ್ಲಿ ರೈಟು ಹಾಕಿದರು. ಅಮ್ಮ ಒಂದು ವಾರ ಅದನ್ನು ಒರೆಸಲು ಬಿಡಲಿಲ್ಲ. ಪಪ್ಪ ಆ ವಾರವಿಡೀ ಹಳೆಯ ಬಿಲ್ಲುಗಳ ಹಿಂದೆ ಬರೆದು ಮಾತಾಡಿದರು.

ಪಪ್ಪ ಆ ಮೇಜಿಗೆ ಮತ್ತೆ ಹೋಗಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಈಗ ಊರಲ್ಲಿರುವ ಅವರ ದನಿ ಫೋನಿನಲ್ಲಿ ಅರ್ಧ ಗಾಳಿಯಾಗಿ ಬರುತ್ತದೆ. ನಾನು ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಮನೆ ಮಾಡಿದ್ದೇನೆ, ಆಸ್ಪತ್ರೆಯಲ್ಲಿ ದುಭಾಷಿ. ನೋವು ಎಲ್ಲಿ ಎಂದು ಡಾಕ್ಟರಿಗೆ ಹೇಳಲಾರದವರ ಪರವಾಗಿ ದಿನವಿಡೀ ಮಾತಾಡುತ್ತೇನೆ. ಈ ಕೆಲಸಕ್ಕೆ ಹೇಗೆ ಬಂದೆ ಎಂದು ಯಾರಾದರೂ ಕೇಳಿದರೆ ಓದಿದ ಕೋರ್ಸಿನ ಹೆಸರು ಹೇಳಿ ಸುಮ್ಮನಾಗುತ್ತೇನೆ. ನಿಜಕ್ಕೂ ಬಂದದ್ದು ಹೀಗೆ: ಮಾತು ಕೂಡದ ಆ ಮೂರು ವಾರ ಕಳೆದು ಅಬುಧಾಬಿಗೆ ಹೋದೆವು. ಈ ಸಲ ಪಪ್ಪ, ಕಾಕಾ ಇಬ್ಬರೂ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತು ಬಂದರು. ಯಾರು ನೋಡಿದರೂ ನೋಡಲಿ ಎಂದು. ಈಜಿಪ್ಟಿನ ಡಾಕ್ಟರಮ್ಮ ಕಾಗದ ತೆರೆದು, ಗಂಟು ಕೆಟ್ಟದ್ದಲ್ಲ ಎಂದರು. ಅಮ್ಮ ಕುರ್ಚಿಯಲ್ಲಿ ಕುಸಿದಳು, ಕಾಕಾ ಗೋಡೆಗೆ ಮುಖ ಮಾಡಿ ನಿಂತರು. ಡಾಕ್ಟರಮ್ಮ ಪಪ್ಪನ ಗಂಟಲಿಗೆ ಬೆರಳಿಟ್ಟು, ಈಗ ಮೆಲ್ಲಗೆ ಒಂದು ಮಾತು ಆಡಿ, ಯಾವುದಾದರೂ ಸರಿ ಎಂದರು. ಪಪ್ಪ ನನ್ನನ್ನು ನೋಡಿದರು. ಎಲ್ಲಿಂದ ಶುರು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಮೇಜನ್ನು ಅಂಗೈಯಲ್ಲಿ ಒಂದು ಸಲ ತಟ್ಟಿ ‘ಬಿದ್ದ’ ಎಂದೆ. ಇನ್ನೊಂದು ಸಲ ತಟ್ಟಿ ‘ಬಿದ್ದ’ ಎಂದೆ. ಕೈ ಎತ್ತಿ ಹಿಡಿದು ಕಾದೆ. ಪಪ್ಪನ ಬಾಯಿಂದ ಮೊದಲು ಗಾಳಿ ಬಂತು, ಆಮೇಲೆ ಗಾಳಿಯ ನಡುವೆ ‘ಳ’ ಎಂಬ ಆ ಒಂದು ಅಕ್ಷರ ಸ್ಪಷ್ಟವಾಗಿ ಬಂತು, ಉಳಿದವು ಅದರ ಹಿಂದೆ ಬಂದವು. ಡಾಕ್ಟರಮ್ಮ ನನ್ನ ಕಡೆ ತಿರುಗಿ, ಏನೆಂದರು ನಿನ್ನ ತಂದೆ ಎಂದು ಕೇಳಿದರು.

ಅದುವರೆಗೆ ಆ ಮಾತಿನ ಅರ್ಥವನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳಿರಲಿಲ್ಲ. ನಾನು ಪಪ್ಪನ ಒಪ್ಪಿಗೆಗೆ ನೋಡಿದೆ. ಅವರು ತಲೆಯಾಡಿಸಿದರು.

“ಬೀಳಲಿಲ್ಲವಂತೆ” ಎಂದು ಡಾಕ್ಟರಮ್ಮನಿಗೆ, ಶಾಲೆಯಲ್ಲಿ ಕಲಿತ ಅರಬ್ಬಿಯಲ್ಲಿ ಹೇಳಿದೆ.